ದುಡಿಯದ ಎತ್ತಿಗೊಂದು ಹೊರೆ ಮೇವು

ಶೇಂಗಾ ಕಿತ್ತು, ಕಾಯಿ ಬಿಡಿಸಿ, ಬಳ್ಳಿ ಒಣಗಿಸಿ ಬಣವೆ ಒಟ್ಟುವ ಹೊತ್ತಿಗೆ ಚಳ್ಳಕೆರೆ ಸೀಮೆಯ ರೈತ ಮನಸ್ಸಿನಲ್ಲೇ ಒಂದು ಪಾಲುಪಟ್ಟಿ ಮಾಡಿಕೊಂಡಿರುತ್ತಾನೆ. ಇಷ್ಟು ಹೊಟ್ಟು ಮನೆ ದನಕ್ಕೆ, ಇಷ್ಟು ಮಾರಾಟಕ್ಕೆ, ಒಂದಿಷ್ಟು ದೇವರೆತ್ತಿಗೆ. ಮೊದಲೆರಡರಲ್ಲಿ ಹೆಚ್ಚುಕಡಿಮೆ ಆಗುವುದುಂಟು. ಮೂರನೆಯದಕ್ಕೆ ಕೈಹಾಕಲು ಮನೆಯ ಹಿರಿಯರು ಬಿಡುವುದಿಲ್ಲ.

ಅಂಥದ್ದೊಂದು ಹೊಟ್ಟಿನ ಟ್ರ್ಯಾಕ್ಟರು ದೇವರೆತ್ತಿನ ರೊಪ್ಪದ ಮುಂದೆ ಬಂದು ನಿಂತಾಗ ಕಿವಿಗೆ ಬಿದ್ದ ಮಾತು ಇದು. ಎತ್ತು ಕಾಯುವ ಕಿಲಾರಿ ಟ್ರೇಲರ್ ಹತ್ತಿ, ಹೊರೆಯ ನಡುವಿಗೆ ಕೈ ತೂರಿಸಿ ಒಂದು ಹಿಡಿ ಎಳೆದು ಮೂಸಿ ನೋಡಿದ.

"ಏನಣ್ಣಾ, ಅಡೀಲಿ ಬೂಷ್ಟು ಹಿಡಿದೈತಲ್ಲ. ನಿನ್ ಮನೆ ಎತ್ತು ಮೂಸಲ್ಲ ಅಂತ ದೇವ್ರೆತ್ತಿಗೆ ತಂದ್ಯಾ?"

ತಂದವನ ಮುಖ ಸಣ್ಣದಾಯಿತು. "ಇಲ್ಲ ಕಣಪ್ಪ, ಮೊನ್ನೆ ಮಳೆ ಹನೀತು. ಅಡಿಗಿಳಿದದ್ದು ಗೊತ್ತಾಗ್ಲಿಲ್ಲ."

ಅಡಿಯ ಹೊರೆಗಳು ಅಲ್ಲೇ ಬೇರೆಯಾದವು, ಉಳಿದದ್ದು ಬಣವೆಗೆ ಹೋಯಿತು. ಕೊಟ್ಟವನು ಬೀಗಲಿಲ್ಲ, ತೆಗೆದುಕೊಂಡವನು ಹಲ್ಲು ಗಿಂಜಲಿಲ್ಲ. ಬ್ಯಾಂಕಿನಲ್ಲಿ ಕಂತು ಕಟ್ಟುವಾಗ ಹರಿದ ನೋಟು ವಾಪಸು ಕೊಟ್ಟರೆ ನಾವೇನು ಮುನಿಸಿಕೊಳ್ಳುತ್ತೇವೆಯೇ, ಹಾಗಿತ್ತು ಅಲ್ಲಿನ ವ್ಯವಹಾರ.

ದೇವರೆತ್ತಿನ ವಿಷಯ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲೂ ಸುತ್ತಲಿನ ಸೀಮೆಯಲ್ಲೂ ಹರಡಿಕೊಂಡಿರುವ ಮ್ಯಾಸಬೇಡ ಸಮುದಾಯದಲ್ಲಿ ಗುಡಿಕಟ್ಟುಗಳೆಂಬ ಬಳಗಗಳಿವೆ. ಗುಡಿಕಟ್ಟಿಗೆ ತನ್ನದೇ ದೇವರು, ದೇವರಿಗೆ ತನ್ನದೇ ದನದ ಹಿಂಡು. ಈ ಹಿಂಡಿನ ಎತ್ತಿಗೆ ನೊಗ ಹೂಡುವುದಿಲ್ಲ, ಸಂತೆಗೆ ಹೊಡೆಯುವುದಿಲ್ಲ. ಹಸುವಿನ ಹಾಲನ್ನು ಮಾರುವುದಿಲ್ಲ, ಅದು ಕರುವಿನದು. ಸತ್ತರೆ ಮನೆಯವರನ್ನು ಮಣ್ಣು ಮಾಡಿದಂತೆಯೇ ಪೂಜೆ ಮಾಡಿ ಹೂಳುತ್ತಾರೆ. ಕಾಯಲು ಕಿಲಾರಿ ಇರುತ್ತಾನೆ. ಅವನಿಗೆ ಆ ಹಿಂಡೇ ಸಂಸಾರ, ರೊಪ್ಪವೇ ಮನೆ. ಕಾಡುಗೊಲ್ಲರಲ್ಲೂ ದೇವರ ದನಗಳಿವೆ, ಅಲ್ಲೂ ಕಟ್ಟುಪಾಡು ಹೆಚ್ಚುಕಡಿಮೆ ಇಂಥದ್ದೇ.

ಲಾಭ–ನಷ್ಟದ ಕಣ್ಣಿಗೆ ಇದು ಶುದ್ಧ ದಂಡ. ಉಳದ, ಕರೆಯದ, ಮಾರಾಟಕ್ಕಿಲ್ಲದ ನೂರಾರು ರಾಸುಗಳಿಗೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ನೆಲದಲ್ಲಿ ಮೇವು ಹೊಂದಿಸುವುದು! ಆದರೆ ಲೆಕ್ಕವನ್ನು ನಾವು ಈ ವರ್ಷದಿಂದ ಶುರುಮಾಡುತ್ತೇವೆ, ಅವರು ಅಜ್ಜ, ಮುತ್ತಜ್ಜಂದಿರಿಂದ ಶುರುಮಾಡುತ್ತಾರೆ. ಹೊಲ ಉತ್ತು ಬಾಳುವ ಮುಂಚೆ ಈ ಜನ ದನ ಕಾಯ್ದು ಬಾಳಿದವರು. ಬರ ಬಂದಾಗ ಹುಲ್ಲಿದ್ದ ಕಡೆಗೆ ನಡೆದರು, ದನ ಮುಂದೆ, ಜನ ಹಿಂದೆ. ಇವರ ಪದ, ಕಥನಗಳಲ್ಲಿ ಬರುವ ಗಾದ್ರಿ ಪಾಲನಾಯಕನಂಥ ವೀರರೂ ದನಗಾಹಿಗಳೇ. ಆ ಕಾಲದ ಸಾಲವನ್ನು ಈ ಕಾಲದ ಎತ್ತಿಗೆ ತೀರಿಸುತ್ತಿದ್ದಾರೆ. ಅಂದು ಉಪಕಾರ ಮಾಡಿದ ಎತ್ತು ಈಗಿಲ್ಲ, ಉಪಕಾರ ಪಡೆದವನೂ ಇಲ್ಲ. ಬಾಕಿ ಮಾತ್ರ ಹಾಗೇ ನಡೆದುಕೊಂಡು ಬಂದಿದೆ.

ಈಚೆಗೆ ನಗರಗಳಲ್ಲಿ ಕೃತಜ್ಞತೆಗೂ ಒಂದು ನೋಟ್‌ಬುಕ್ ಬಂದಿದೆ. ರಾತ್ರಿ ಮಲಗುವ ಮುನ್ನ ಆ ದಿನ ಒದಗಿದ ಒಳ್ಳೆಯದನ್ನು ಬರೆದಿಡಬೇಕು, ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ಇದನ್ನು ಗೇಲಿ ಮಾಡುವುದು ಸುಲಭ, ಆದರೆ ಇದರ ಹಿಂದೆ ಕೆಲಸ ನಡೆದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಬಹಳ ಹೆಸರಾದದ್ದು. ಅದರ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. 10 ವಾರ, ವಾರಕ್ಕೊಮ್ಮೆ, ಒಂದು ಗುಂಪು ತಾನು ನೆನೆಯಬೇಕಾದ ಉಪಕಾರಗಳನ್ನು ಐದರವರೆಗೆ ಬರೆಯಿತು, ಇನ್ನೊಂದು ತನ್ನ ಕಿರಿಕಿರಿಗಳನ್ನು, ಮತ್ತೊಂದು ಸುಮ್ಮನೆ ನಡೆದ ಸಂಗತಿಗಳನ್ನು. ಉಪಕಾರ ಬರೆದವರಿಗೆ ಬದುಕಿನ ಬಗ್ಗೆ ಹೆಚ್ಚು ಸಮಾಧಾನವಿತ್ತು, ವ್ಯಾಯಾಮವನ್ನೂ ಅವರು ಹೆಚ್ಚು ಮಾಡಿದ್ದರು. ಆಮೇಲೆ 2005ರಲ್ಲಿ ಸೋನಿಯಾ ಲ್ಯುಬೊಮಿರ್ಸ್ಕಿ ಮತ್ತು ಜತೆಗಾರರು ಇನ್ನೊಂದು ಸೂಕ್ಷ್ಮ ತಿಳಿಸಿದರು: ವಾರಕ್ಕೊಮ್ಮೆ ಹೀಗೆ ನೆನೆದವರಲ್ಲಿ ಫಲ ಕಂಡಿತು, ವಾರಕ್ಕೆ ಮೂರು ಸಲ ಮಾಡಿದವರಲ್ಲಿ ಕಾಣಲಿಲ್ಲ.

ಅದನ್ನು ಓದಿದಾಗ ನನಗೆ ನೆನಪಾದದ್ದು ಸೋಮವಾರ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಬಿತ್ತನೆಯ ಹದ ಜಾರುತ್ತಿದ್ದರೂ, ಆಳು ಸಿಕ್ಕಿದ್ದರೂ ಬಸವಣ್ಣನ ವಾರ ಎಂದರೆ ಎತ್ತಿಗೆ ರಜೆ. ಮೈ ತೊಳೆದು, ಹಣೆಗೊಂದಿಷ್ಟು ವಿಭೂತಿ, ಹೊಟ್ಟೆ ತುಂಬ ಮೇವು. ವಾರಕ್ಕೊಂದು ದಿನ, ಅಷ್ಟೇ. ಉಳಿದ ಆರು ದಿನ ಯಾರೂ ಎತ್ತಿನ ಮುಂದೆ ಕೈಮುಗಿದು ನಿಲ್ಲುವುದಿಲ್ಲ, ಬಾರುಕೋಲಿನ ರುಚಿಯೂ ಅದಕ್ಕೆ ಗೊತ್ತು. ನೋಟ್‌ಬುಕ್ಕಿಗೂ ಸೋಮವಾರಕ್ಕೂ ಒಂದು ವ್ಯತ್ಯಾಸವಿದೆ. ನೋಟ್‌ಬುಕ್ ಬರೆದವನ ಮನಸ್ಸು ತಿಳಿಯಾಗುತ್ತದೆ ನಿಜ, ಆದರೆ ಅವನಿಗೆ ಒಳಿತು ಮಾಡಿದವರಿಗೆ ಅದರ ಸುದ್ದಿಯೂ ಮುಟ್ಟುವುದಿಲ್ಲ. ಸೋಮವಾರದ ಫಲ ಎತ್ತಿನ ಹೆಗಲಿಗೇ ಸಿಗುತ್ತದೆ. ಈಗ ಟ್ರ್ಯಾಕ್ಟರು ಬಂದ ಮನೆಗಳಲ್ಲಿ ಸೋಮವಾರವೂ ಉಳುಮೆ ನಡೆಯುತ್ತದೆ, ಆ ಮಾತು ಬೇರೆ. ಟ್ರ್ಯಾಕ್ಟರಿಗೆ ವರ್ಷಕ್ಕೊಂದು ಆಯುಧಪೂಜೆ ಸಾಕು.

ಈ ಸೀಮೆಯಲ್ಲಿ ಕೊಡುವುದಕ್ಕೆ ಸದ್ದುಗದ್ದಲವೂ ಉಂಟು. ಭಾದ್ರಪದದಲ್ಲಿ ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಹೋದವರಿಗೆ ಗೊತ್ತು. ಆಂಧ್ರದ ಕಡೆಯಿಂದಲೂ ಜನ ಬಂದು ಸೇರುತ್ತಾರೆ. ದೇವಿ ಜಾತ್ರೆಯ ಬಯಲಾದ ತುಮಲಿಗೆ ಬರುವಾಗ ರೈತರು ತಮ್ಮ ಹೊಲದ ಈರುಳ್ಳಿಯನ್ನು ತೂರುತ್ತಾರೆ. ಕೋಳಿಮರಿ ತೂರುವವರೂ ಇದ್ದಾರೆ. ತಲೆಗೆ, ಭುಜಕ್ಕೆ ಈರುಳ್ಳಿ ಬಿದ್ದರೂ ಯಾರೂ ಬೈಯುವುದಿಲ್ಲ. ಬೆಳೆಗೆ ರೋಗ ಬಾರದಿರಲಿ, ಬಂದಿದ್ದು ಕೈಗೆ ಹತ್ತಲಿ ಎಂಬುದು ಹರಕೆ. ಈರುಳ್ಳಿ ಬೆಳೆದವನ ಪಾಡು ಬಲ್ಲವರಿಗೆ ಆ ತೂರಾಟದ ತೂಕ ತಿಳಿಯುತ್ತದೆ. ಒಂದು ವರ್ಷ ಕೊಳೆರೋಗ, ಇನ್ನೊಂದು ವರ್ಷ ದರವಿಲ್ಲ, ಮೂರನೇ ವರ್ಷ ಎರಡೂ ಸರಿಯಾಗಿದ್ದರೆ ಕೊಯ್ಲಿನ ಹೊತ್ತಿಗೇ ಮಳೆ.

ಹರಕೆ ಎಂದರೆ ದೇವರ ಜತೆ ವ್ಯಾಪಾರ ಎಂದು ಮೂಗು ಮುರಿಯುವವರಿದ್ದಾರೆ. ಇರಲಿ, ವ್ಯಾಪಾರವೇ ಅಂದುಕೊಳ್ಳೋಣ. ಈ ವ್ಯಾಪಾರದಲ್ಲಿ ಮಾಲು ಮೊದಲು ಕೈಸೇರುತ್ತದೆ, ದುಡ್ಡು ಕೊಡುವುದು ಆಮೇಲೆ. ಜ್ವರ ಬಿಟ್ಟಿದೆ, ಮಗಳ ಹೆರಿಗೆ ಸುಸೂತ್ರ ಆಗಿದೆ, ಬೋರ್‌ವೆಲ್‌ನಲ್ಲಿ ನೀರು ಬಿದ್ದಿದೆ. ಕೇಳಲು ಬರುವ ಸಾಲಗಾರ ಯಾರೂ ಇಲ್ಲ. ಆಗಲೂ ಬಸ್ಸು ಹತ್ತಿ ಜಾತ್ರೆಗೆ ಹೋಗಿ ಹೇಳಿದ್ದನ್ನು ಕೊಟ್ಟು ಬರುತ್ತಾರಲ್ಲ, ಅದು ಸಣ್ಣ ಮಾತಲ್ಲ. ಆಸ್ಪತ್ರೆಯ ಮೊಗಸಾಲೆಯಲ್ಲಿ ನಾವು ನೀವು ಎಷ್ಟು ಜನಕ್ಕೆ ಏನೇನು ಮಾತು ಕೊಟ್ಟಿಲ್ಲ? ರಾತ್ರಿಯಿಡೀ ಜತೆಗೆ ಕೂತ ನೆಂಟನಿಗೆ, ರಕ್ತ ಕೊಟ್ಟ ಅಪರಿಚಿತ ಹುಡುಗನಿಗೆ? ಡಿಸ್ಚಾರ್ಜ್ ಚೀಟಿ ಕೈಗೆ ಬಂದಮೇಲೆ ಆ ಹುಡುಗನ ಫೋನ್ ನಂಬರು ಎಲ್ಲಿಟ್ಟೆವೋ ಗೊತ್ತಿರುವುದಿಲ್ಲ. ಮಾರಮ್ಮನಿಗೆ ಬಾಕಿ ಉಳಿಸಿಕೊಳ್ಳಲು ಹೆದರುವ ಮನುಷ್ಯ ಮನುಷ್ಯರ ಬಾಕಿಗೆ ಅಷ್ಟು ಹೆದರುವುದಿಲ್ಲ.

ಮನುಷ್ಯರ ಬಾಕಿಯ ಮಾತು ಬಂದರೆ ನಾಯಕನಹಟ್ಟಿಗೆ ಹೋಗಲೇಬೇಕು. ಅಲ್ಲಿನ ಸಂತ ತಿಪ್ಪೇರುದ್ರಸ್ವಾಮಿ ಈ ಬರದ ಸೀಮೆಗೆ ಬಂದು ಐದು ಕೆರೆ ಕಟ್ಟಿಸಿದ ಎಂದು ಜನ ನೆನೆಯುತ್ತಾರೆ. ಕೆರೆ ಕೆಲಸ ನಡೆಯುವಾಗ ಸಂಜೆ ಆಳುಗಳು ಕೂಲಿಯ ಗುಡ್ಡೆಗೆ ಕೈಹಾಕಿ ತಮ್ಮ ಪಾಲು ತೆಗೆದುಕೊಳ್ಳಬೇಕಿತ್ತಂತೆ, ಯಾರು ಎಷ್ಟು ದುಡಿದಿದ್ದರೋ ಅವರ ಮುಷ್ಟಿಯಲ್ಲಿ ಅಷ್ಟೇ ಸಿಗುತ್ತಿತ್ತಂತೆ. ಮೈಗಳ್ಳನಿಗೆ ಹೆಚ್ಚು ಬರುತ್ತಿರಲಿಲ್ಲ, ಮೈಮುರಿದು ದುಡಿದವನಿಗೆ ಕಡಿಮೆ ಆಗುತ್ತಿರಲಿಲ್ಲ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬುದು ಸ್ವಾಮಿಯ ಮಾತು. ಹಟ್ಟಿಯ ಜನರ ಬಾಯಲ್ಲಿ ಇಂದಿಗೂ ಇದೆ, ಫಾಲ್ಗುಣದ ತೇರಿನ ಹೊತ್ತಿಗೆ ಫ್ಲೆಕ್ಸುಗಳಲ್ಲೂ ಇರುತ್ತದೆ. ಆ ತೇರಿನಲ್ಲಿ ಭಕ್ತರು ರಾಶಿ ರಾಶಿ ಒಣಕೊಬ್ಬರಿ ಸುಡುತ್ತಾರೆ, ಮುಕ್ತಿ ಬಾವುಟ ಲಕ್ಷಗಟ್ಟಲೆ ಮೊತ್ತಕ್ಕೆ ಹರಾಜಾಗುತ್ತದೆ. ಕೂಲಿ ಲೆಕ್ಕದ ಸ್ವಾಮಿಗೆ ಈ ಹರಾಜು ಎಷ್ಟು ಹಿಡಿಸುತ್ತಿತ್ತೋ!

ಆ ಮಾತಿನಲ್ಲಿ ನನಗೆ ಹಿಡಿಸುವುದು ಅದರ ಕಟ್ಟುನಿಟ್ಟು. ಕೆಲಸ ಮಾಡಿದವನಿಗೆ ಉಪಕಾರಸ್ಮರಣೆ ಬೇಕಿಲ್ಲ, ಕೂಲಿ ಬೇಕು. ನಮ್ಮ ಹಳ್ಳಿಗಳಲ್ಲಿ ಋಣದ ಮಾತು ಯಾವಾಗಲೂ ಒಳ್ಳೆಯ ಕೆಲಸಕ್ಕೇ ಬಳಕೆಯಾಗಿಲ್ಲ. ‘ಉಪ್ಪು ತಿಂದ ಮನೆಗೆ ಎರಡು ಬಗೆಯಬೇಡ’ ಎಂದು ಗದರಿಸಿ ಎಷ್ಟು ತಲೆಮಾರು ಜೀತಕ್ಕೆ ಇಟ್ಟುಕೊಂಡಿದ್ದರು! ಅಪ್ಪ ಮದುವೆಗೆ ತಂದ ಸಾಲಕ್ಕೆ ಮಗ ಕೊಟ್ಟಿಗೆ ಬಳಿದ, ಮೊಮ್ಮಗ ಕುರಿ ಕಾಯ್ದ. ಹಳೆಯ ಅಂಗಿ, ತಂಗಳು ಮುದ್ದೆ ಕೊಟ್ಟಾಗ ತಲೆಬಾಗಿ ನಿಂತರೆ ಒಳ್ಳೆಯ ಆಳು, ಕೂಲಿ ಕೇಳಿದರೆ ಉಂಡ ಮನೆಯ ಜಂತೆ ಎಣಿಸುವವನು. 1976ರ ಜೀತಪದ್ಧತಿ ರದ್ದತಿ ಕಾಯ್ದೆ ಆ ಸಾಲಗಳನ್ನೆಲ್ಲ ಒಂದೇ ಏಟಿಗೆ ತೊಡೆದುಹಾಕಿತು. ಕಾಯ್ದೆ ಬಂದ ಮಾತ್ರಕ್ಕೆ ನಾಲಗೆ ಬದಲಾಗಲಿಲ್ಲ. ಇವತ್ತಿಗೂ ಮನೆಗೆಲಸದಾಕೆ ಸಂಬಳ ಹೆಚ್ಚಿಸಿ ಎಂದರೆ, ‘ಹಬ್ಬಕ್ಕೆ ಸೀರೆ ಕೊಟ್ಟಿದ್ದನ್ನು ಮರೆತಳು’ ಎನ್ನುವ ಮನೆಗಳಿವೆ. ಕೃತಜ್ಞತೆಯನ್ನು ತಾನು ತೋರಿಸಬಹುದೇ ಹೊರತು ಇನ್ನೊಬ್ಬರಿಂದ, ಅದರಲ್ಲೂ ತನಗಿಂತ ಕೆಳಗಿದ್ದವರಿಂದ, ವಸೂಲಿ ಮಾಡಬಾರದು.

ಮೊಳಕಾಲ್ಮುರಿನ ಮಗ್ಗದ ಮನೆಗಳಲ್ಲಿ ಈ ಕೂಲಿಯ ಪ್ರಶ್ನೆ ಬೇರೆ ರೂಪದಲ್ಲಿದೆ. ಇಲ್ಲಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ, ಸೆರಗಿನಲ್ಲಿ ಹೂವು, ಹಣ್ಣು, ಪಕ್ಷಿ. ಉಟ್ಟವಳಿಗೆ ‘ಎಲ್ಲಿ ತಗೊಂಡ್ರಿ?’ ಎಂಬ ಹೊಗಳಿಕೆ ಸಿಗುತ್ತದೆ. ನೇಯ್ದವನು ಗುಳಿಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಲಾಳಿ ಎಸೆದಿರುತ್ತಾನೆ, ಪಕ್ಕದಲ್ಲಿ ಹೆಂಡತಿಯೋ ತಾಯಿಯೋ ಕಂಡಿಕೆ ಸುತ್ತಿರುತ್ತಾಳೆ. ಸೀರೆಯ ಮಜೂರಿ ಲೆಕ್ಕದಲ್ಲಿ ಆಕೆಯ ಹೆಸರಿಗೆ ಬೇರೆ ಸಾಲು ಇರುವುದಿಲ್ಲ. ಮಾಲೀಕ ಬೆನ್ನು ತಟ್ಟಿ ‘ಕೈ ಅಂದ್ರೆ ನಿಂದು ಕಣಪ್ಪ’ ಎಂದರೆ ನೇಕಾರ ನಗುತ್ತಾನೆ, ಬೇಡ ಎನ್ನುವುದಿಲ್ಲ. ಮಜೂರಿ ಏರಿದರೆ ಇನ್ನೂ ಚೆನ್ನಾಗಿ ನಗುತ್ತಾನೆ. ಕೈಮಗ್ಗದ ಸೀರೆ ಕೊಳ್ಳುವಾಗ ಚೌಕಾಸಿ ಮಾಡಿ ಆಮೇಲೆ ಅದರ ಫೋಟೊ ಹಾಕಿ ನೇಕಾರರಿಗೆ ನಮನ ಸಲ್ಲಿಸುವ ರೂಢಿಯ ಬಗ್ಗೆ ಹೆಚ್ಚು ಹೇಳದಿರುವುದೇ ಒಳ್ಳೆಯದು.

ಋಣ ತೀರಿಸಲು ವ್ಯಕ್ತಿಗಳು ಹಿಂದುಮುಂದು ನೋಡಿದರೆ ನೆನಪಿಸಲು ನೆರೆಹೊರೆ ಇದೆ. ಸರ್ಕಾರಕ್ಕೆ ನೆನಪಿಸುವವರು ಯಾರು? ಚಳ್ಳಕೆರೆಯ ಅಮೃತ ಮಹಲ್ ಕಾವಲುಗಳಲ್ಲಿ ಸುತ್ತಲ ಹಳ್ಳಿಗಳ ದನ, ಕುರಿ ಮೇಯುತ್ತಿದ್ದವು. ಮೈಸೂರು ದೊರೆಗಳ ಕಾಲದಿಂದ ದಂಡಿನ ಸಾಮಾನು ಎಳೆಯುವ ರಾಸುಗಳಿಗಾಗಿ ಕಾದಿರಿಸಿದ ಹುಲ್ಲುಗಾವಲು ಅದು. ಅದರಲ್ಲಿ ಸುಮಾರು 10 ಸಾವಿರ ಎಕರೆ ರಕ್ಷಣಾ, ಅಣು ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಮುಟ್ಟಿತು. ಇಸ್ರೊದ ಮರುಬಳಕೆಯ ಉಡಾವಣಾ ವಾಹನ 2023ರ ಏಪ್ರಿಲ್‌ನಲ್ಲಿ, ಆಮೇಲೆ 2024ರಲ್ಲಿ ಎರಡು ಸಲ, ಇಲ್ಲಿನ ಡಿಆರ್‌ಡಿಒ ರನ್‌ವೇ ಮೇಲೆ ತಾನಾಗಿಯೇ ಇಳಿದಾಗ ದೇಶವೆಲ್ಲ ಚಪ್ಪಾಳೆ ತಟ್ಟಿತು. ತಟ್ಟಬೇಕಾದದ್ದೇ. ಇಂಥ ಗೆಲುವಿನ ದಿನ ವಿಜ್ಞಾನಿಗಳಿಗೆ, ಎಂಜಿನಿಯರುಗಳಿಗೆ, ಮಂತ್ರಿಗಳಿಗೆ ಅಭಿನಂದನೆ ಸಲ್ಲುತ್ತದೆ. ಬೇಲಿಯಾಚೆ ನಿಂತು ಆಕಾಶ ನೋಡುವ ಕುರಿಗಾಹಿಗೂ ಒಂದು ಮಾತು ಸಲ್ಲಬೇಕಿತ್ತು ಎನ್ನುವುದು ಅತಿಯಾಸೆಯೇನಲ್ಲ. ಮಾತಿಗಿಂತ, ಕುರಿಗೆ ಬದಲಿ ಹುಲ್ಲುಗಾವಲು ಸಿಕ್ಕಿದ್ದರೆ ಅವನು ಮಾತನ್ನು ಬಿಟ್ಟುಕೊಡುತ್ತಿದ್ದ.

ಆಳುವವರು ಈ ಋಣದ ವಿಷಯ ಮಾತಾಡದೆ ಇದ್ದವರೇನಲ್ಲ. ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರ, ಬ್ರಹ್ಮಗಿರಿ ಮತ್ತು ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದರು. ಇವುಗಳಲ್ಲಿರುವುದು ಸುವರ್ಣಗಿರಿಯ ರಾಜಕುಮಾರ ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆ. ಮೊದಲು ಅಲ್ಲಿನವರ ಆರೋಗ್ಯ ವಿಚಾರಿಸುತ್ತದೆ (ಇಂದಿನ ಯಾವ ಸುತ್ತೋಲೆ ಹಾಗೆ ಶುರುವಾಗುತ್ತದೆ?), ಆಮೇಲೆ ವಿಷಯಕ್ಕೆ ಬರುತ್ತದೆ. ತಾಯಿತಂದೆಯ ಸೇವೆ ಮಾಡಬೇಕು, ಜೀವಿಗಳ ಮೇಲೆ ದಯೆ ಇರಬೇಕು, ನಿಜ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕಂತೆ ನಡೆದುಕೊಳ್ಳಬೇಕು. ಇದೆಲ್ಲ ಹಿಂದಿನಿಂದ ಬಂದದ್ದು, ಆಯುಷ್ಯ ಹೆಚ್ಚಿಸುವಂಥದ್ದು ಎಂದೂ ಸೇರಿಸಿದೆ. ಸಾಮ್ರಾಟನೇ ಹಳೆಯದು ಎನ್ನುವಷ್ಟು ಹಳೆಯ ಮಾತು! ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಸಾಮಾನ್ಯವಾಗಿ ರಾಜರ ಹೆಸರು ಮಾತ್ರ ಉಳಿಯುವ ಕಡೆ ಬಂಡೆಯ ಮೇಲೆ ಕೂತು ಬರೆದವನೂ ಎರಡು ಸಾವಿರದ ಇನ್ನೂರು ವರ್ಷಗಳಿಂದ ಉಳಿದುಕೊಂಡಿದ್ದಾನೆ.

ಜಟಿಂಗ ರಾಮೇಶ್ವರದ ಬೆಟ್ಟದ ಬಗ್ಗೆ ಜನ ಹೇಳುವ ಕಥೆ ಅಶೋಕನದಲ್ಲ, ಜಟಾಯುವಿನದು. ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನಿಗೆ ಅಡ್ಡಬಂದು, ರೆಕ್ಕೆ ಕಡಿಸಿಕೊಂಡು ಬಿದ್ದದ್ದು ಇಲ್ಲೇ ಎಂದು ನಂಬಿಕೆ. ಲೇಪಾಕ್ಷಿಯವರು ತಮ್ಮಲ್ಲಿ ಎನ್ನುತ್ತಾರೆ, ಕೇರಳದವರು ಚಡಯಮಂಗಲ ಎನ್ನುತ್ತಾರೆ. ಎಲ್ಲಿ ಬಿದ್ದಿತು ಎಂಬ ಜಗಳ ನಮಗೆ ಬೇಡ. ಆ ಹಕ್ಕಿ ಸೀತೆಯನ್ನು ಬಿಡಿಸಲಿಲ್ಲ, ಸೋತಿತು. ರಾಮನಿಗೆ ಅದರಿಂದ ದಕ್ಕಿದ್ದು ಒಂದು ಸುದ್ದಿ ಮಾತ್ರ. ಆದರೂ ಹೆಂಡತಿಯನ್ನು ಹುಡುಕುವ ಅವಸರವನ್ನು ಬದಿಗಿಟ್ಟು, ಸೌದೆ ತಂದು, ಚಿತೆ ಒಟ್ಟಿ, ತಂದೆಗೆ ಮಾಡಬೇಕಾದ ಸಂಸ್ಕಾರವನ್ನು ಹಕ್ಕಿಗೆ ಮಾಡಿದ. ತನ್ನ ತಂದೆಯ ಸಂಸ್ಕಾರ ಅವನ ಕೈಯಿಂದ ಆಗಿರಲಿಲ್ಲ. ಗೆದ್ದುಕೊಟ್ಟವರನ್ನು ನೆನೆಯುವುದು ಎಲ್ಲರಿಗೂ ಬರುತ್ತದೆ. ನಮಗಾಗಿ ಹೋಗಿ ಸೋತುಬಂದವರಿದ್ದಾರಲ್ಲ, ಕೆಲಸ ಕೊಡಿಸಲು ಓಡಾಡಿ ಆಗದೆ ಹೋದ ಸೋದರಮಾವ, ಕೇಸು ಗೆಲ್ಲಿಸಲಾಗದ ವಕೀಲ, ಅವರ ಮನೆಗೆ ಯಾರು ಸಿಹಿ ಒಯ್ಯುತ್ತಾರೆ?

ರಾಮಾಯಣದ ಎಳೆ ಚಳ್ಳಕೆರೆ ತಾಲ್ಲೂಕಿನ ತಳುಕಿಗೂ ಬರುತ್ತದೆ. ಬಳ್ಳಾರಿ ರಸ್ತೆಯ ಈ ಊರು ಕನ್ನಡಕ್ಕೆ ಕೊಟ್ಟ ಹೆಸರುಗಳು ಕಡಿಮೆಯಲ್ಲ: ತ.ಸು. ಶಾಮರಾಯ, ‘ದುರ್ಗಾಸ್ತಮಾನ’ದ ತ.ರಾ.ಸು., ಇವರೆಲ್ಲರಿಗೂ ಹಿರಿಯರಾದ ಟಿ.ಎಸ್. ವೆಂಕಣ್ಣಯ್ಯ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕನ್ನಡ ಕಲಿಸಿದ ವೆಂಕಣ್ಣಯ್ಯನವರು ತಾವು ಬರೆದದ್ದಕ್ಕಿಂತ ಇತರರಿಂದ ಬರೆಸಿದ್ದಕ್ಕೆ ಹೆಸರಾದವರು. ಅವರ ಶಿಷ್ಯರಲ್ಲಿ ಕುವೆಂಪು ಒಬ್ಬರು. ಗುರು 1939ರಲ್ಲಿ ತೀರಿಕೊಂಡರು. ‘ಶ್ರೀ ರಾಮಾಯಣ ದರ್ಶನಂ’ ಅಚ್ಚಾಗಿ ಬಂದದ್ದು ಹತ್ತು ವರ್ಷದ ಮೇಲೆ, 1949ರಲ್ಲಿ. ಆ ಹತ್ತು ವರ್ಷದಲ್ಲಿ ಕುವೆಂಪು ದೊಡ್ಡ ಹೆಸರಾಗಿದ್ದರು. ಕಾವ್ಯವನ್ನು ಅರ್ಪಿಸಿಕೊಳ್ಳಲು ಬದುಕಿದ್ದ ದೊಡ್ಡವರು ಎಷ್ಟೋ ಮಂದಿ ಇದ್ದರು, ಅದರಿಂದ ಅನುಕೂಲವೂ ಆಗುತ್ತಿತ್ತು. ಅವರು ಅರ್ಪಿಸಿದ್ದು ಸತ್ತುಹೋಗಿದ್ದ ಮೇಷ್ಟ್ರಿಗೆ. ಬರೀ ಹೆಸರು ಹಾಕಿ ಬಿಡದೆ ಅರ್ಪಣೆಯನ್ನೂ ಕವಿತೆಯಾಗಿಯೇ ಬರೆದರು, ಮುಗಿಸಿದ ಕೆಲಸವನ್ನು ಗುರುವಿಗೆ ವರದಿ ಒಪ್ಪಿಸುವ ಶಿಷ್ಯನ ಹಾಗೆ.

ಕೃತಿಗೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, 1967ನೇ ಸಾಲಿನ ಜ್ಞಾನಪೀಠ ಬಂತು, ಕನ್ನಡಕ್ಕೆ ಅದೇ ಮೊದಲನೆಯದು. ಮುದ್ರಣದ ಮೇಲೆ ಮುದ್ರಣ ಆಗುತ್ತಲೇ ಇದೆ. ಪುಸ್ತಕ ತೆರೆದವರು ಅಯೋಧ್ಯೆಗೆ ಹೋಗುವ ಮೊದಲು ತಳುಕಿನ ವೆಂಕಣ್ಣಯ್ಯನವರನ್ನು ಮಾತಾಡಿಸಿಯೇ ಮುಂದೆ ಹೋಗಬೇಕು.